ಅವ್ವನ ಎರಡು ಹೆಸರು

ಅವ್ವ 2022ರಲ್ಲಿ ತೀರಿಕೊಂಡಳು. ಅವಳ ಟ್ರಂಕು ನನ್ನ ಪಾಲಿಗೆ ಬಂತು. ಇಳಕಲ್ ಸೀರೆಗಳ ಕೆಳಗೆ, ಹಳೆಯ ಪಂಚಾಂಗದ ಹಾಳೆಯಲ್ಲಿ ಸುತ್ತಿದ ಒಂದು ಬ್ಯಾಂಕ್ ಪಾಸ್‌ಬುಕ್ ಇತ್ತು. ಮೇಲೆ ಶಾಯಿಯಲ್ಲಿ ಬರೆದ ಹೆಸರು ಒಂದು ನದಿಯದು. ಅದರ ಮುಂದೆ ಅಜ್ಜನ ಹೆಸರು, ಅಜ್ಜನ ಮನೆಯ ಅಡ್ಡಹೆಸರು. ಆ ಹೆಸರಿನಿಂದ ಅವ್ವನನ್ನು ಕರೆಯುವುದನ್ನು ನಾನು ಕೇಳಿದ್ದು ಅವಳ ತವರಿನಲ್ಲಿ ಮಾತ್ರ. ಹುಬ್ಬಳ್ಳಿಯ ನಮ್ಮ ಮನೆಯಲ್ಲಿ, ಓಣಿಯಲ್ಲಿ, ಅಪ್ಪನ ರೈಲ್ವೆ ಕಾಗದಗಳಲ್ಲಿ ಅವಳಿಗೆ ಬೇರೆ ಹೆಸರಿತ್ತು, ಒಬ್ಬ ದೇವಿಯದು. ಪಾಸ್‌ಬುಕ್ಕಿನ ಕೊನೆಯ ನಮೂದು 1987ರದು. ಬಾಕಿ ಸಾವಿರದ ಎಂಟುನೂರು ರೂಪಾಯಿ ಚಿಲ್ಲರೆ.

ಅದನ್ನು ನೆನಪಿಗೆಂದು ಎತ್ತಿಟ್ಟಿದ್ದೆ. 2024ರ ಬೇಸಿಗೆಯಲ್ಲಿ ತಂಗಿಯ ಮಗಳು ಬಂದಾಗ ತೋರಿಸಿದೆ. ಅವಳು ಕೂಡಲೇ ಲ್ಯಾಪ್‌ಟಾಪ್ ತೆಗೆದಳು. ಹತ್ತು ವರ್ಷ ಯಾರೂ ಮುಟ್ಟದ ಠೇವಣಿಯನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಕಳಿಸುತ್ತವೆ. ಹಾಗೆ ಹೋದ ಹಣವನ್ನು ಹುಡುಕಲು 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕು ‘ಉದ್ಗಮ್’ ಎಂಬ ಪೋರ್ಟಲ್ ತೆರೆದಿದೆ. ವಾರಸುದಾರರು ಕೇಳಿದರೆ ಬ್ಯಾಂಕು ಈಗಲೂ ಆ ಹಣ ಕೊಡಬೇಕು. ಹೆಸರು, ಬ್ಯಾಂಕು, ಜೊತೆಗೆ ಹುಟ್ಟಿದ ತಾರೀಖಿನಂಥ ಇನ್ನೊಂದು ಗುರುತು ಹಾಕಿ ಹುಡುಕಬೇಕು. ನಮಗೆಲ್ಲ ಗೊತ್ತಿದ್ದ ಹೆಸರನ್ನು ಅವಳು ಮೊದಲು ಹಾಕಿದಳು. ಏನೂ ಬರಲಿಲ್ಲ. ನದಿಯ ಹೆಸರು ಹಾಕಿದಳು. ಒಂದು ಸಾಲು ಬಂತು.

ಆ ಸಾಲನ್ನು ನೋಡಿದ ಮೇಲೆ ನನ್ನ ಇಡೀ ಉದ್ಯೋಗದ ಕಾಲ, ಅದಕ್ಕಿಂತ ಹಿಂದಿನ ಹುಬ್ಬಳ್ಳಿಯ ಮನೆ, ನಾನು ಮದುವೆಯಾದ ಮೇಲೂ ನನ್ನ ಹೆಸರು ಬದಲಿಸದೆ ಉಳಿದದ್ದು, ಎಲ್ಲವನ್ನೂ ಮತ್ತೊಮ್ಮೆ ಲೆಕ್ಕ ಹಾಕಬೇಕು ಅನಿಸಿತು. ಮೂವತ್ತಾರು ವರ್ಷ ಲೆಕ್ಕಪತ್ರ ವಿಭಾಗದಲ್ಲೇ ಕೆಲಸ ಮಾಡಿದವಳು ನಾನು. ಹೆಸರಿಗೂ ದುಡ್ಡಿಗೂ ಇರುವ ನಂಟನ್ನು ದಿನವೂ ಕಂಡಿದ್ದೇನೆ.

ಅವ್ವನ ಮದುವೆ 1955ರಲ್ಲಿ. ಆಗ ಧಾರವಾಡ ಜಿಲ್ಲೆ ಇನ್ನೂ ಮುಂಬೈ ರಾಜ್ಯದಲ್ಲಿತ್ತು. ನಮ್ಮ ಕಡೆಯ ಕೆಲವು ಮನೆತನಗಳಲ್ಲಿ ಮದುವೆಯಲ್ಲಿ ಹುಡುಗಿಯ ಅಡ್ಡಹೆಸರಷ್ಟೇ ಬದಲಾಗುತ್ತಿರಲಿಲ್ಲ, ಅವಳ ಹೆಸರನ್ನೇ ಬದಲಿಸುತ್ತಿದ್ದರು. ತಾಟಿನಲ್ಲಿ ಅಕ್ಕಿ ಹರವಿ, ವರ ಉಂಗುರದಿಂದ ಅದರ ಮೇಲೆ ಹೊಸ ಹೆಸರು ಬರೆಯುತ್ತಿದ್ದ. ಎಲ್ಲರೂ ಓದಿ ಸಂತೋಷಪಡುತ್ತಿದ್ದರು. ಆಮೇಲೆ ಆ ಅಕ್ಕಿಯನ್ನು ಒಟ್ಟುಗೂಡಿಸಿ ಒಳಗೆ ಒಯ್ಯುತ್ತಿದ್ದರು. ಹಳೆಯ ಹೆಸರಿನವಳೇ ಹೊಸ ಹೆಸರಿನವಳು ಎಂದು ಹೇಳುವ ಒಂದು ಚೀಟಿಯೂ ಉಳಿಯುತ್ತಿರಲಿಲ್ಲ. ಆ ಕಾಲದಲ್ಲಿ ಯಾರಿಗೂ ಚೀಟಿ ಬೇಕೆನಿಸಲೂ ಇಲ್ಲ. ಹೆಂಗಸರ ಹೆಸರಿನಲ್ಲಿ ಕಾಗದವೇ ಇರುತ್ತಿರಲಿಲ್ಲವಲ್ಲ.

ಅವ್ವನಿಗೆ ಮಾತ್ರ ಒಂದಿತ್ತು. ಅಜ್ಜ ಕನ್ನಡ ಶಾಲೆಯ ಮಾಸ್ತರರು. ಮದುವೆಗೆ ಮುಂಚಿನ ವರ್ಷ ಮಗಳನ್ನು ತಾಲೂಕಿನ ಊರಿಗೆ ಕರೆದೊಯ್ದು, ಇಪ್ಪತ್ತೈದು ರೂಪಾಯಿ ತುಂಬಿ, ಅವಳ ಹೆಸರಿನಲ್ಲಿ ಉಳಿತಾಯ ಖಾತೆ ತೆರೆಸಿದ್ದರು. ಪಾಸ್‌ಬುಕ್ಕು ತವರಿನಲ್ಲೇ, ಅಜ್ಜನ ಕಪಾಟಿನಲ್ಲಿ ಇರುತ್ತಿತ್ತು. ಉತ್ತರ ಕರ್ನಾಟಕದಲ್ಲಿ ಹೆಣ್ಣುಮಕ್ಕಳು ಪಂಚಮಿಗೆ ತವರಿಗೆ ಹೋಗುತ್ತಾರೆ. ಜೋಕಾಲಿ, ಅಳ್ಳಿಟ್ಟು, ತಂಬಿಟ್ಟು, ಶೇಂಗಾ ಉಂಡೆ, ಅಣ್ಣತಮ್ಮಂದಿರು ಕೈಗೆ ಇಡುವ ಅಷ್ಟಿಷ್ಟು ದುಡ್ಡು. ಆ ದುಡ್ಡು ಆ ಖಾತೆಗೆ ಹೋಗುತ್ತಿತ್ತು ಎಂದು ನನಗೆ ಗೊತ್ತಾದದ್ದು ಈಗ. ಪಾಸ್‌ಬುಕ್ಕಿನ ಜಮೆಗಳೆಲ್ಲ ಹೆಚ್ಚುಕಡಿಮೆ ಶ್ರಾವಣದವು. ಐದು, ಹನ್ನೊಂದು, ಹತ್ತು, ಒಮ್ಮೆ ಐವತ್ತೊಂದು. ಐವತ್ತೊಂದು ಬಂದ ವರ್ಷ ಮಾಮಾಗೆ ನೌಕರಿ ಸಿಕ್ಕಿತ್ತು.

ತೆಗೆದದ್ದು ತೀರ ಕಡಿಮೆ. ಅದರಲ್ಲೊಂದು 1979ರ ಜುಲೈನದು, ಇನ್ನೂರೈವತ್ತು ರೂಪಾಯಿ. ಆ ತಿಂಗಳು ನನಗೆ ಚೆನ್ನಾಗಿ ನೆನಪಿದೆ. ಪಿಯುಸಿ ಮುಗಿದಿತ್ತು. ಇನ್ನು ಸಾಕು, ವರ ನೋಡೋಣ ಎಂದು ಅಪ್ಪ ಹೇಳಿದ್ದರು. ಅವರು ಕೆಟ್ಟವರೇನಲ್ಲ, ರೈಲ್ವೆ ಕಾರಕೂನಿಕೆಯ ಪಗಾರದಲ್ಲಿ ಅವರ ತಾಯಿ, ಇಬ್ಬರು ತಮ್ಮಂದಿರು, ನಾವು, ಎಲ್ಲರ ಊಟ ನಡೆಯಬೇಕಿತ್ತು. ಒಂದನೇ ತಾರೀಖಿಗೆ ಪಗಾರವನ್ನು ಅಜ್ಜಿಯ ಕೈಗೆ ಕೊಡುತ್ತಿದ್ದರು. ಅವ್ವ ಕಾಯಿಪಲ್ಲೆಗೂ ಅಜ್ಜಿಯನ್ನೇ ಕೇಳಬೇಕಿತ್ತು. ಆ ಜುಲೈನಲ್ಲಿ ಅವ್ವ ಎರಡು ದಿನ ತವರಿಗೆ ಹೋಗಿ ಬಂದು, “ನಿಮ್ಮ ಮಾಮಾ ಕೊಟ್ಟಾನ, ಕಾಲೇಜಿಗೆ ತುಂಬು” ಎಂದು ದುಡ್ಡು ಕೊಟ್ಟಳು. ನಾನು ಬಿ.ಕಾಂ. ಸೇರಿದೆ. ಮಾಮಾಗೆ ಈಗ ಎಂಬತ್ತನಾಲ್ಕು, ಪುಣೆಯಲ್ಲಿದ್ದಾನೆ. ಫೋನ್ ಮಾಡಿ ಕೇಳಿದೆ. “ನಾ ಎಲ್ಲಿ ಕೊಟ್ಟೆ? ನಿಮ್ಮವ್ವನ ದುಡ್ಡ ಅದು. ಸಹಿ ಮಾಡಿ ತಗೊಂಡು, ಯಾರಿಗೂ ಹೇಳಬ್ಯಾಡ ಅಂದಿದ್ಲು” ಎಂದ.

ಅಂದರೆ ಮದುವೆಯಾಗಿ ಇಪ್ಪತ್ತನಾಲ್ಕು ವರ್ಷವಾದ ಮೇಲೂ ಅವ್ವ ಬ್ಯಾಂಕಿನಲ್ಲಿ ನದಿಯ ಹೆಸರನ್ನೇ ಸಹಿ ಮಾಡುತ್ತಿದ್ದಳು. ಅತ್ತೆಮನೆಯಲ್ಲಿ ಯಾರೂ ಬಳಸದ ಹೆಸರಿನಲ್ಲಿ ಇದ್ದುದರಿಂದಲೇ ಆ ದುಡ್ಡು ಅವಳದಾಗಿ ಉಳಿದಿತ್ತು. ಅವ್ವ ಎಂದರೆ ಎಲ್ಲದಕ್ಕೂ ಹೂಂ ಅನ್ನುವವಳು ಎಂದು ನಾನು ದೊಡ್ಡವಳಾದ ಮೇಲೂ ತಿಳಿದಿದ್ದೆ. ಆ ಚಿತ್ರವನ್ನು ಈಗ ತೆಗೆದಿಟ್ಟಿದ್ದೇನೆ.

ಹಾಗೆಂದು ಅತ್ತೆಮನೆಯ ಹೆಸರನ್ನು ದೂರುವಂತೆಯೂ ಇಲ್ಲ. 1998ರಲ್ಲಿ ಅಪ್ಪ ಹೋದಾಗ ಕುಟುಂಬ ಪಿಂಚಣಿ ಒಂದು ಅಡ್ಡಿಯೂ ಇಲ್ಲದೆ ಬಂತು. ಅಪ್ಪನ ಪಿಂಚಣಿ ಆದೇಶದಲ್ಲಿ ಹೆಂಡತಿ ಎಂದು ದೇವಿಯ ಹೆಸರಿತ್ತು, ಪಡಿತರ ಚೀಟಿಯಲ್ಲೂ ಅದೇ ಇತ್ತು. ಅಕ್ಕಿಯ ಮೇಲೆ ಬರೆದ ಆ ಹೆಸರು ಅವಳ ಕೊನೆಯ ಇಪ್ಪತ್ತನಾಲ್ಕು ವರ್ಷ ಅವಳಿಗೆ ಅನ್ನ ಹಾಕಿತು. ನದಿಯ ಹೆಸರಿನ ಖಾತೆಗೆ ಮಾತ್ರ ಅವಳಿಗೆ ಮತ್ತೆ ಹೋಗಲಾಗಲಿಲ್ಲ. ಅಜ್ಜ ತೀರಿದರು, ಮಾಮಾ ಮನೆ ಮಾರಿ ಪುಣೆಗೆ ಹೋದ. ಆಮೇಲೆ ಬ್ಯಾಂಕುಗಳು ಗುರುತಿನ ದಾಖಲೆ ಕೇಳತೊಡಗಿದವು. ಆ ಹೆಸರಿನ ಒಂದು ಗುರುತಿನ ಚೀಟಿಯೂ ಅವಳ ಹತ್ತಿರ ಇರಲಿಲ್ಲ. “ಅದು ಹೋತು ಬಿಡು” ಎಂದು ಒಮ್ಮೆ ಅಂದಿದ್ದಳು. ಯಾವುದು ಹೋಯಿತೆಂದು ಹೇಳಿರಲಿಲ್ಲ.

ನಾನು 1984ರಲ್ಲಿ ಹುಬ್ಬಳ್ಳಿಯ ಒಂದು ಖಾಸಗಿ ಕಂಪನಿಯ ಲೆಕ್ಕಪತ್ರ ವಿಭಾಗಕ್ಕೆ ಸೇರಿದೆ. ಪಗಾರ ಪತ್ರಕ, ಪ್ರಾವಿಡೆಂಟ್ ಫಂಡಿನ ಕಾಗದ ನನ್ನ ಮೇಜಿನ ಮೇಲೆ. ಸೇರಿದವರೆಲ್ಲ ನಾಮನಿರ್ದೇಶನದ ಫಾರಂ ತುಂಬಬೇಕು. ಮದುವೆಯಾದರೆ ಹೊಸದಾಗಿ ತುಂಬಬೇಕು, ಮದುವೆಗೆ ಮುಂಚಿನದು ತಾನಾಗಿಯೇ ರದ್ದು. ಆ ನಿಯಮ ಗಂಡಸರಿಗೂ ಇತ್ತು, ಹೆಂಗಸರಿಗೂ ಇತ್ತು. ಆದರೆ ಮದುವೆಯಾಗಿ ಬಂದ ಗಂಡಸು ಅದೇ ಹೆಸರಿನವನಾಗಿ ಬರುತ್ತಿದ್ದ. ಹುಡುಗಿ ರಜೆ ಮುಗಿಸಿ ಬೇರೆ ಹೆಸರಿನವಳಾಗಿ ಬರುತ್ತಿದ್ದಳು. ಪತ್ರಕದಲ್ಲಿ ಹಳೆಯ ಹೆಸರಿಗೆ ಗೆರೆ ಎಳೆದು ಮೇಲೆ ಹೊಸದನ್ನು ಬರೆಯುತ್ತಿದ್ದವಳು ನಾನೇ.

ನಮ್ಮಲ್ಲಿ ಒಬ್ಬ ಟೈಪಿಸ್ಟ್ ಇದ್ದಳು. ಬಹಳ ಚುರುಕು. ಕನ್ನಡ, ಇಂಗ್ಲಿಷ್ ಎರಡೂ ಟೈಪು ಮಾಡುತ್ತಿದ್ದಳು. ಮದುವೆಯಾದ ಮೇಲೆ ಹೆಸರು ಬದಲಿಸಿದಳು, ಅದರ ಜೊತೆ ಸಹಿಯೂ ಬದಲಾಯಿತು. ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ: ಹೆಸರು ಹೋದರೆ ಸಹಿ ಹೋಗುತ್ತದೆ, ಸಹಿ ಹೋದರೆ ಹಳೆಯ ಕಾಗದಗಳೆಲ್ಲ ಬಾಗಿಲು ಹಾಕಿಕೊಳ್ಳುತ್ತವೆ. ಬಾಣಂತನಕ್ಕೆಂದು ನೌಕರಿ ಬಿಟ್ಟವಳು ಒಂದೂವರೆ ವರ್ಷದ ನಂತರ ಫಂಡಿನ ದುಡ್ಡು ತೆಗೆಯಲು ಮಗುವನ್ನು ಎತ್ತಿಕೊಂಡು ಬಂದಳು. ಅರ್ಜಿಯಲ್ಲಿ ಹೊಸ ಹೆಸರು, ಖಾತೆಯಲ್ಲಿ ಹಳೆಯದು, ಬ್ಯಾಂಕಿನಲ್ಲಿ ಮತ್ತೆ ಹೊಸದು. ಅರ್ಜಿ ತಿರುಗಿ ಬಂತು. ಪ್ರಮಾಣಪತ್ರ ಮಾಡಿಸಿದಳು, ಸಹಿ ತಾಳೆಯಾಗಲಿಲ್ಲವೆಂದು ಮತ್ತೆ ತಿರುಗಿ ಬಂತು. ಗಂಡನಿಗೆ ಬೇರೆ ಊರಿಗೆ ವರ್ಗವಾಯಿತು. ಆಮೇಲೆ ಅವಳು ಬರಲಿಲ್ಲ. ಆರು ವರ್ಷ ದುಡಿದದ್ದರ ಉಳಿತಾಯ ಅದು. ಮದುವೆ ಗೊತ್ತಾದಾಗ ನಾನು ಏನು ಮಾಡಬೇಕೆಂದು ಯೋಚಿಸಿದ ದಿನ ನನ್ನ ಕಣ್ಣ ಮುಂದೆ ಇದ್ದದ್ದು ಆ ಹುಡುಗಿಯ ಫೈಲು.

ನನ್ನ ಮದುವೆ 1988ರಲ್ಲಿ, ಮೈಸೂರು ಕಡೆಯವರ ಜೊತೆ. ಅವರಲ್ಲಿ ಅಡ್ಡಹೆಸರೇ ಇಲ್ಲ. ಊರಿನದೊಂದು ಅಕ್ಷರ, ತಂದೆಯದೊಂದು ಅಕ್ಷರ, ಆಮೇಲೆ ಹೆಸರು. ಮದುವೆಯಾದ ಹುಡುಗಿ ತಂದೆಯ ಇನಿಷಿಯಲ್ ತೆಗೆದು ಗಂಡನದನ್ನು ಹಾಕಿಕೊಳ್ಳುವುದು, ಇಲ್ಲವೇ ಹೆಸರಿನ ಹಿಂದೆ ಗಂಡನ ಹೆಸರನ್ನು ಸೇರಿಸಿಕೊಳ್ಳುವುದು ಅಲ್ಲಿಯ ರೂಢಿ. ನನ್ನ ಅತ್ತೆಯವರ ಜಮೀನಿನ ಪಹಣಿಯಲ್ಲಿ ಅವರ ಹೆಸರಿನ ಮುಂದೆ ‘ಕೋಂ’ ಎಂದು ಬರೆದು ಮಾವನವರ ಹೆಸರು ಇತ್ತು. ಅವರು ಒಳ್ಳೆಯವರು. “ನಿಮ್ಮ ಹೆಸರು ನೀವೇ ಇಟ್ಕೊಳ್ಳಿಮ್ಮ, ಕಚೇರಿ ವಿಷಯ ನಮಗೇನು ಗೊತ್ತು” ಎಂದರು. ಗಂಡನೂ ಏನೂ ಅನ್ನಲಿಲ್ಲ. ಮಾತು ಬಂದದ್ದು ನನ್ನ ತವರಿನಿಂದ. ಕಾಕಾ ಅಪ್ಪನ ಎದುರೇ ಹೇಳಿದರು: “ಅಡ್ಡಹೆಸರ ಇಟ್ಕೊಂಡಾಳ ಅಂದ್ರ ಆಸ್ತಿ ಮ್ಯಾಲೆ ಕಣ್ಣದ ಅಂತನ ಅರ್ಥ.” ಅಪ್ಪ ಸುಮ್ಮನಿದ್ದರು. ಅವ್ವ ಒಳಗಿನಿಂದ ಬಂದು ನನ್ನ ಉಡಿ ತುಂಬುತ್ತ, ನನಗೆ ಮಾತ್ರ ಕೇಳುವಂತೆ, “ಹೆಸರ ಬಿಡಬ್ಯಾಡ. ಪಾಸ್‌ಬುಕ್ಕಿನ್ಯಾಗಿಂದಂತೂ ಬಿಡಬ್ಯಾಡ” ಎಂದಳು. ತನ್ನ ಪಾಸ್‌ಬುಕ್ಕಿನ ಬಗ್ಗೆ ಅವಳು ನನಗೆ ಹೇಳಿದ್ದು ಅಷ್ಟೇ. ಆ ಮಾತಿನ ಹಿಂದೆ ಮೂವತ್ತಮೂರು ವರ್ಷದ ಅನುಭವವಿತ್ತು.

ಬೆಂಗಳೂರಿಗೆ ಬಂದು ಹೊಸ ಕಂಪನಿ ಸೇರಿದೆ. ಹುಬ್ಬಳ್ಳಿಯ ಫಂಡ್ ಖಾತೆ ಇಲ್ಲಿಗೆ ವರ್ಗವಾಗಲು ಒಂದು ಫಾರಂ ಸಾಕಾಯಿತು. 2014ರಲ್ಲಿ ಒಬ್ಬೊಬ್ಬರಿಗೂ ಎಲ್ಲ ನೌಕರಿಗೆ ಸೇರಿ ಒಂದೇ ಫಂಡ್ ಸಂಖ್ಯೆ ಬಂದಾಗ ಎರಡೂ ನೌಕರಿಗಳ ಲೆಕ್ಕ ಒಂದಾಗಿ ಕೂತಿತು. 2020ರಲ್ಲಿ ನಿವೃತ್ತಳಾದಾಗ ಯಾರೂ ನನ್ನನ್ನು ನೀವು ಯಾರು ಎಂದು ಕೇಳಲಿಲ್ಲ. ಈ ಮಧ್ಯೆ ನನ್ನ ಬ್ಯಾಂಕುಗಳೇ ಹೆಸರು ಕಳೆದುಕೊಂಡವು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋಯಿತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಸಂಗ್ರಹಿಸುವ ಪಿಗ್ಮಿ ಠೇವಣಿಯನ್ನು 1928ರಲ್ಲಿ ಶುರುಮಾಡಿದ ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಾಯಿತು. ಈ ನಾಡಿನ ಎಷ್ಟೋ ಹೆಂಗಸರು ಮೊದಲ ಬಾರಿಗೆ ತಮ್ಮ ಹೆಸರಿನಲ್ಲಿ ದುಡ್ಡು ಕಂಡದ್ದು ಆ ಪಿಗ್ಮಿ ಏಜೆಂಟರ ಕಾರ್ಡಿನಲ್ಲಿ. ಬ್ಯಾಂಕು ವಿಲೀನವಾದಾಗ ಹಳೆಯ ಖಾತೆ, ಹಳೆಯ ಠೇವಣಿ, ಹಳೆಯ ಸಾಲ ಎಲ್ಲವೂ ಸರ್ಕಾರದ ಒಂದೇ ಆದೇಶದಲ್ಲಿ ಹೊಸ ಹೆಸರಿಗೆ ಬಂದವು. ಮದುವೆಯಾದ ಹೆಣ್ಣಿಗೆ ಅಂಥ ಆದೇಶ ಯಾರೂ ಹೊರಡಿಸುವುದಿಲ್ಲ. ಅವಳು ಒಂದೊಂದು ಬಾಗಿಲಿಗೂ ತಾನೇ ಹೋಗಬೇಕು.

ಹೆಸರು ಉಳಿಸಿಕೊಂಡದ್ದಕ್ಕೆ ನಾನು ಬೆಲೆಯನ್ನೂ ಕೊಟ್ಟಿದ್ದೇನೆ. 1996ರಲ್ಲಿ ಮನೆ ಕೊಳ್ಳಲು ಸಾಲಕ್ಕೆ ಹೋದೆವು. ಸಾಲದ ಅಧಿಕಾರಿ ನಮ್ಮಿಬ್ಬರ ಹೆಸರು ನೋಡಿ, ಗಂಡ ಹೆಂಡತಿ ಎನ್ನುವುದಕ್ಕೆ ಏನು ಆಧಾರ ಎಂದು ಕೇಳಿದರು. ಲಗ್ನಪತ್ರಿಕೆ, ಫೋಟೋ ತೋರಿಸಿದೆವು. ಸಾಲದು ಎಂದರು. ಆಮೇಲೆ, “ಸಾರ್ ಒಬ್ಬರ ಹೆಸರಲ್ಲೇ ಮಾಡಿಬಿಡೋಣ ಮೇಡಂ, ಬೇಗ ಆಗುತ್ತೆ” ಎಂದರು. ಅವರು ಕೆಟ್ಟ ಉದ್ದೇಶದಿಂದ ಹೇಳಿದ್ದಲ್ಲ. ಬಹಳಷ್ಟು ಮನೆಗಳು ಹಾಗೇ ಒಬ್ಬರ ಹೆಸರಿಗೆ ಆಗುತ್ತಿದ್ದವು. ನಾನು ಒಪ್ಪಲಿಲ್ಲ. ಮದುವೆಯಾಗಿ ಎಂಟು ವರ್ಷದ ಮೇಲೆ ಹೋಗಿ ಮದುವೆ ನೋಂದಾಯಿಸಿದೆವು. ಆಗ ಅದು ಅಪರೂಪ. ಎಲ್ಲ ಮದುವೆಗಳನ್ನೂ ನೋಂದಾಯಿಸಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2006ರಲ್ಲಿ. ಸಾಲ ಮಂಜೂರಾಗುವುದು ತಡವಾಯಿತು, ಮನೆ ಮಾರುವವರು ಬೇಸರಪಟ್ಟುಕೊಂಡರು, ಅಷ್ಟರಲ್ಲಿ ಬೆಲೆಯನ್ನೂ ಸ್ವಲ್ಪ ಏರಿಸಿದರು. ಆದರೆ ಕ್ರಯಪತ್ರದಲ್ಲಿ ಇಬ್ಬರ ಹೆಸರೂ ಬಂತು. ಜಂಟಿ ಸಾಲದ ಬಡ್ಡಿಗೆ ಇಬ್ಬರೂ ಅವರವರ ಪಾಲಿನ ತೆರಿಗೆ ವಿನಾಯಿತಿ ಪಡೆದೆವು. ಹಳೆಯ ತೆರಿಗೆ ಪದ್ಧತಿಯಲ್ಲಿ ಈಗ ಅದು ಒಬ್ಬೊಬ್ಬರಿಗೆ ವರ್ಷಕ್ಕೆ 2 ಲಕ್ಷ ರೂಪಾಯಿವರೆಗೆ. ಬೆಲೆ ಏರಿದ್ದಕ್ಕಿಂತ ಉಳಿದದ್ದು ಹೆಚ್ಚು. ಆಸ್ಪತ್ರೆಯ ವಿಮಾ ಕೌಂಟರಿನಲ್ಲಿ, ಲಾಕರ್ ತೆರೆಯುವಾಗ, ವೀಸಾ ಅರ್ಜಿಯಲ್ಲಿ ಮತ್ತೆ ಮತ್ತೆ ಅದೇ ಪ್ರಶ್ನೆ ಬಂತು. ಆ ನೋಂದಣಿ ಪತ್ರದ ಜೆರಾಕ್ಸ್ ಪ್ರತಿ ಇಂದಿಗೂ ನನ್ನ ಚೀಲದಲ್ಲಿರುತ್ತದೆ.

ತಂಗಿಯದು ಬೇರೆ ದಾರಿ. ಅವಳು 1992ರಲ್ಲಿ ಮದುವೆಯಾಗಿ ಗಂಡನ ಮನೆಯ ಅಡ್ಡಹೆಸರು ಹಾಕಿಕೊಂಡಳು, ಖುಷಿಯಿಂದಲೇ. ಪ್ಯಾನ್ ಕಾರ್ಡನ್ನು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರಿನಲ್ಲಿ ಮಾಡಿಸಿದ್ದಳು, ಆಧಾರ್‌ನಲ್ಲಿ ಮದುವೆಯ ನಂತರದ ಹೆಸರು ಬಂತು. ಪ್ಯಾನ್ ಕಾರ್ಡಿನಲ್ಲಿ ಮದುವೆಯಾದ ಹೆಣ್ಣಿಗೂ ಗಂಡನ ಹೆಸರು ಬರುವುದಿಲ್ಲ, ತಂದೆಯದೋ ತಾಯಿಯದೋ ಬರುತ್ತದೆ. ಹಾಗಾಗಿ ಹಳೆಯ ಹೆಸರು ಅಲ್ಲಿ ಅವಳಿಗೆ ಸಹಜವಾಗಿಯೇ ಕಂಡಿತ್ತು. ಪ್ಯಾನ್, ಆಧಾರ್ ಎರಡನ್ನೂ ಜೋಡಿಸಬೇಕೆಂಬ ಗಡುವು 2023ರ ಜೂನ್ 30ಕ್ಕೆ ಮುಗಿಯಿತು. ಹೆಸರು ತಾಳೆಯಾಗದೆ ಜೋಡಣೆಯಾಗಲಿಲ್ಲ, ಪ್ಯಾನ್ ನಿಷ್ಕ್ರಿಯವಾಯಿತು. ಅವಳ ನಿಶ್ಚಿತ ಠೇವಣಿಯ ಬಡ್ಡಿಯಲ್ಲಿ ಹತ್ತು ಪ್ರತಿಶತಕ್ಕೆ ಬದಲಾಗಿ ಇಪ್ಪತ್ತು ಪ್ರತಿಶತ ತೆರಿಗೆ ಮುರಿದುಕೊಂಡರು. ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲದವಳು ಅವಳು. ಪ್ರತಿವರ್ಷ 15ಜಿ ಫಾರಂ ಕೊಟ್ಟು ಪೂರ್ತಿ ಬಡ್ಡಿ ಪಡೆಯುತ್ತಿದ್ದಳು. ಪ್ಯಾನ್ ನಡೆಯದ್ದರಿಂದ 15ಜಿ ಕೂಡ ನಡೆಯಲಿಲ್ಲ. ಸಾವಿರ ರೂಪಾಯಿ ಶುಲ್ಕ, ತಿದ್ದುಪಡಿ ಅರ್ಜಿ, ಮದುವೆ ಪ್ರಮಾಣಪತ್ರ ಎಲ್ಲ ಹೊಂದಿಸಿ ಸರಿಮಾಡುವವರೆಗೆ ಅವಳಿಗೆ ನಿದ್ದೆ ಸರಿಯಾಗಿ ಬರಲಿಲ್ಲ.

ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆಯ ಕಷ್ಟ ಇದಕ್ಕಿಂತ ದೊಡ್ಡದು. ಅವಳಿಗೆ ಠೇವಣಿ ಇಲ್ಲ, ಪ್ಯಾನ್ ಇಲ್ಲ. 2023ರಲ್ಲಿ ಗೃಹಲಕ್ಷ್ಮಿ ಯೋಜನೆ ಬಂದಾಗ ತಿಂಗಳಿಗೆ 2000 ರೂಪಾಯಿ ಬರುತ್ತದೆಂದು ಆಸೆಯಿಂದ ಅರ್ಜಿ ಹಾಕಿದಳು. ಆಧಾರ್‌ನಲ್ಲಿ ತವರಿನಲ್ಲಿ ಕರೆಯುತ್ತಿದ್ದ ಹೆಸರು, ಪಡಿತರ ಚೀಟಿಯಲ್ಲಿ ಅತ್ತೆ ಇಟ್ಟ ಹೆಸರು. ಎರಡೂ ಒಂದಾಗುವವರೆಗೆ ದುಡ್ಡು ಬರಲಿಲ್ಲ, ಓಡಾಟಕ್ಕೆ ಹೋದ ದಿನಗಳ ಕೂಲಿಯೂ ಹೋಯಿತು.

ಇದನ್ನೆಲ್ಲ ಕಂಡ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಹೆಸರು ಬದಲಿಸಬೇಕೆಂದು ನಮ್ಮ ದೇಶದಲ್ಲಿ ಯಾವ ಕಾನೂನೂ ಹೇಳುವುದಿಲ್ಲ. ಬದಲಿಸುವುದರಲ್ಲಿ ಅವಮಾನವೂ ಇಲ್ಲ. ಪ್ಯಾನ್ ಬಂದ ಮೇಲೆ ಹೆಸರು ಬದಲಾದರೂ ಸಂಖ್ಯೆ ಅದೇ ಇರುತ್ತದೆ, ಸಾಲ ತೀರಿಸಿದ ಚರಿತ್ರೆ ಆ ಸಂಖ್ಯೆಯ ಜೊತೆಗೇ ಬರುತ್ತದೆ. ಟೈಪಿಸ್ಟ್ ಹುಡುಗಿಯ ಕಾಲದಲ್ಲಿ ಆ ಆಸರೆ ಇರಲಿಲ್ಲ. ಈಗ ದುಡ್ಡು ಸಿಕ್ಕಿಹಾಕಿಕೊಳ್ಳುವುದು ಅರ್ಧ ಬದಲಿಸಿ ಅರ್ಧ ಬಿಟ್ಟಾಗ. ನಾನು ಉಳಿಸಿಕೊಂಡೆ, ಮತ್ತೆ ಅಂಥ ದಿನ ಬಂದರೂ ಉಳಿಸಿಕೊಳ್ಳುತ್ತೇನೆ. ಮೊದಲ ಪಗಾರದಿಂದ ಇಂದಿನ ಪಿಂಚಣಿಯವರೆಗೆ ನನ್ನ ದುಡಿಮೆಯ ಕಾಗದವೆಲ್ಲ ಒಬ್ಬಳದೇ ಎಂದು ಯಾರು ನೋಡಿದರೂ ಓದಬಹುದು.

ಕಾಕಾ ಹೇಳಿದ ಆಸ್ತಿಯ ಮಾತನ್ನೂ ಇಲ್ಲಿ ಮುಗಿಸಬೇಕು. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತ್ತು, ಆದರೆ ಅದಕ್ಕೆ ಮುಂಚೆ ಮದುವೆಯಾದವರಿಗೆ ಅದು ಸಿಗಲಿಲ್ಲ. ನನಗೂ ಇಲ್ಲ, ತಂಗಿಗೂ ಇಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಕೇಂದ್ರ ತಂದ ತಿದ್ದುಪಡಿಯಲ್ಲಿ ಆ ತಡೆ ಹೋಯಿತು. ಮರುವರ್ಷವೇ ಕಾಕಾನ ಮಕ್ಕಳು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಎಂದು ಬಂದರು. ಇಬ್ಬರೂ ಹಾಕಲಿಲ್ಲ. ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಬೇಕೆಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ, ಅಪ್ಪ 1998ರಲ್ಲೇ ತೀರಿದ್ದರಿಂದ, ಮುಗಿಯಿತು ಅಂದುಕೊಂಡೆವು. 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಅದೇ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ, ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು, ತಂದೆ ಬದುಕಿರಬೇಕಿಲ್ಲ ಎಂದಿತು. ಅಡ್ಡಹೆಸರು ಇಟ್ಟುಕೊಂಡ ನನಗೂ ಬಿಟ್ಟುಕೊಟ್ಟ ತಂಗಿಗೂ ಬಂದ ಪಾಲು ಒಂದೇ ಅಳತೆಯದು. ಕಾಕಾ ಅಷ್ಟು ಹೊತ್ತಿಗೆ ಇರಲಿಲ್ಲ; ಇದ್ದಿದ್ದರೆ ಅವರ ಎದುರು ಕೂತು ಈ ತೀರ್ಪನ್ನು ಸಮಾಧಾನದಿಂದ ಓದಿ ಹೇಳುತ್ತಿದ್ದೆ.

ಅವ್ವನ ಖಾತೆಯ ಹಣಕ್ಕೆ ನಾನೂ ತಂಗಿಯೂ ಆ ಖಾತೆ ಇದ್ದ ಶಾಖೆಗೆ ಹೋದೆವು. ಕಾಗದ ನೋಡಿದ ಹುಡುಗ, “ಅಕ್ಕಾರ, ಮರಣ ಪ್ರಮಾಣಪತ್ರದಾಗ ಬ್ಯಾರೆ ಹೆಸರೈತ್ರಿ. ಇವ್ರ ಅವ್ರು ಅಂತ ಹೆಂಗ ಹೇಳೂದ್ರಿ?” ಎಂದ. ನ್ಯಾಯವಾದ ಪ್ರಶ್ನೆಯೇ. ಅಜ್ಜನ ಊರಿನ ಶಾಲೆಯ ದಾಖಲೆಯಲ್ಲಿ ನದಿಯ ಹೆಸರೂ ಹುಟ್ಟಿದ ತಾರೀಖೂ ಸಿಕ್ಕವು. ಲಗ್ನಪತ್ರಿಕೆಯಲ್ಲಿ ವಧುವಿಗೆ ನದಿಯ ಹೆಸರು, ವರ ನಮ್ಮ ಅಪ್ಪ. ನಾಡಕಚೇರಿಯಿಂದ ವಂಶವೃಕ್ಷ ತಂದೆವು. ಎರಡು ಹೆಸರೂ ಒಬ್ಬಳವೇ ಎಂದು ಮಾಮಾ ಪುಣೆಯಿಂದ ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಿ ಕಳಿಸಿದ. ಅಕ್ಕಿಯ ತಾಟನ್ನು ಕಣ್ಣಾರೆ ಕಂಡವರಲ್ಲಿ ಉಳಿದವನು ಅವನೊಬ್ಬನೇ. ಅವನೂ ಇರದಿದ್ದರೆ ಆ ಇಬ್ಬರು ಹೆಂಗಸರು ಕಾಗದದ ಮೇಲೆ ಬೇರೆಯವರಾಗಿಯೇ ಉಳಿಯುತ್ತಿದ್ದರು. ಬಡ್ಡಿ ಸೇರಿ ಏಳು ಸಾವಿರ ಚಿಲ್ಲರೆ ಬಂತು. ಅದರಲ್ಲಿ ಅವ್ವನ ತವರೂರಿನ ಶಾಲೆಯ ಹೆಣ್ಣುಮಕ್ಕಳಿಗೆ ಪುಸ್ತಕ ಕೊಡಿಸಿದೆವು.

ಈ ಓಡಾಟದಲ್ಲಿಯೇ ನಾನು ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಮನ್ನು ಸರಿಯಾಗಿ ಓದಿದ್ದು. ನಮಗೆ ಮಕ್ಕಳಿಲ್ಲ. ನಾನು ಉಯಿಲು ಬರೆಯದೆ ಹೋದರೆ ನನ್ನ ದುಡಿಮೆ ಗಂಡನಿಗೆ ಹೋಗುತ್ತದೆ, ಅದು ಸರಿಯೇ. ಅವರು ನನಗಿಂತ ಮೊದಲೇ ಹೋಗಿದ್ದರೆ ಅವರ ವಾರಸುದಾರರಿಗೆ ಹೋಗುತ್ತದೆ. ನನ್ನ ತವರಿನವರ ಸರದಿ ಅದರ ನಂತರ. ತಂದೆತಾಯಿಯಿಂದ ಬಂದ ಆಸ್ತಿಯಷ್ಟೇ ತವರಿನ ಕಡೆಗೆ ತಿರುಗುತ್ತದೆ; ಸ್ವಂತ ಗಳಿಕೆಗೆ ಆ ರಕ್ಷಣೆ ಇಲ್ಲ. ನಾರಾಯಣಿ ದೇವಿ ಎಂಬವರ ಪ್ರಕರಣವನ್ನು ಓದಿದ ರಾತ್ರಿ ನನಗೆ ಬಹಳ ಸಂಕಟವಾಯಿತು. ಅವರ ಮದುವೆಯೂ 1955ರಲ್ಲೇ. ಮೂರೇ ತಿಂಗಳಲ್ಲಿ ಗಂಡ ತೀರಿಕೊಂಡ, ಅತ್ತೆಮನೆಯವರು ಹೊರಗೆ ಹಾಕಿದರು, ತವರಿನವರು ಓದಿಸಿದರು. ನೌಕರಿ ಮಾಡಿ ಗಳಿಸಿ 1996ರಲ್ಲಿ ಉಯಿಲಿಲ್ಲದೆ ತೀರಿಕೊಂಡರು. ಅವರ ಬ್ಯಾಂಕಿನ ಹಣ, ಪ್ರಾವಿಡೆಂಟ್ ಫಂಡು ಗಂಡನ ಅಕ್ಕತಂಗಿಯರ ಮಕ್ಕಳಿಗೆ ಸೇರಬೇಕೆಂದು 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾನೂನಿನಲ್ಲಿ ಇದ್ದದ್ದು ಹಾಗೆ, ನ್ಯಾಯಾಲಯ ಹಾಗೆ ಓದಿತು. ಈ ಕಲಮು ಬದಲಾಗಲೇಬೇಕು. ಹೆಣ್ಣು ಹೆಸರು ಉಳಿಸಿಕೊಂಡರೂ ಬಿಟ್ಟರೂ ಅವಳ ಗಳಿಕೆಯ ದಾರಿಯನ್ನು ಅದು ಅವಳನ್ನು ಕೇಳದೆ ಬರೆದಿಟ್ಟಿದೆ.

ಹಾಗಾಗಿ ಉಯಿಲು ಬರೆಸಿದೆ. ನನ್ನ ಅರ್ಧ ಮನೆ ಗಂಡನಿಗೆ, ಅವರು ಇಲ್ಲದಿದ್ದರೆ ತಂಗಿಯ ಮಗಳಿಗೆ, ಠೇವಣಿಗಳು ತಂಗಿಗೆ, ಒಂದು ಪಾಲು ಮನೆಗೆಲಸದಾಕೆಯ ಮಗಳ ಓದಿಗೆ. ಗಂಡನೂ ತಮ್ಮದನ್ನು ಅದೇ ದಿನ ಬರೆಸಿದರು. ಉಯಿಲಿಗೆ ಇಬ್ಬರು ಸಾಕ್ಷಿಗಳು ಸಾಕು, ನೋಂದಣಿ ಕಡ್ಡಾಯವಲ್ಲ, ನಾವು ನೋಂದಾಯಿಸಿದೆವು. ತಂಗಿಯ ಹೆಸರನ್ನು ಹೇಗೆ ಬರೆಯಬೇಕೆಂದು ದಸ್ತಾವೇಜು ಬರೆಯುವವರು ಕೇಳಿದರು. ಅಲ್ಲಿಂದಲೇ ಅವಳಿಗೆ ಫೋನ್ ಮಾಡಿದೆ. “ಪ್ಯಾನು, ಆಧಾರು, ಪಾಸ್‌ಬುಕ್ಕು ಎಲ್ಲಾ ಕಡೆ ಈಗ ಒಂದ ಅದ ಅಕ್ಕಾ, ಹಂಗ ಬರಸು” ಎಂದಳು. ಪ್ಯಾನ್ ಸಂಖ್ಯೆಯನ್ನೂ ಪಕ್ಕದಲ್ಲಿ ಬರೆಸಿದೆ.